ಅಕ್ಕನ ಫೋನ್ ಕರೆಗಳು ಮತ್ತು ನನ್ನ ಹೆಲ್ಪ್ ಡೆಸ್ಕ್ ಸಂದರ್ಶನ

ಹೆಲ್ಪ್ ಡೆಸ್ಕ್, ಅಂದರೆ ಕಂಪನಿಯ ನೌಕರರ ಕಂಪ್ಯೂಟರ್ ತೊಂದರೆಗಳನ್ನು ಫೋನಿನಲ್ಲಿ ಬಗೆಹರಿಸುವ ಕೆಲಸಕ್ಕೆ ನನ್ನ ಮೊದಲ ಸಂದರ್ಶನ ನಾಲ್ಕೇ ನಿಮಿಷದಲ್ಲಿ ಮುಗಿಯಿತು. "ಯೂಸರ್ ಒಬ್ಬರು ಫೋನ್ ಮಾಡಿ ಇಂಟರ್ನೆಟ್ ಬರ್ತಿಲ್ಲ ಅಂತಾರೆ. ಏನು ಮಾಡ್ತೀರಿ?" ಎಂದು ಕೇಳಿದರು. ಉತ್ತರ ಬಾಯಿಪಾಠವಾಗಿತ್ತು. ರೂಟರ್ ಆಫ್ ಮಾಡಿ ಆನ್ ಮಾಡಿಸುತ್ತೇನೆ, ಐಪಿ (ನೆಟ್‌ವರ್ಕಿನಲ್ಲಿ ಯಂತ್ರದ ವಿಳಾಸ) ರಿಲೀಸ್ ಮಾಡಿ ರಿನ್ಯೂ ಮಾಡಿಸುತ್ತೇನೆ, ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿಗೆ ಸಂಖ್ಯೆಯ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಕ್ಯಾಶ್ ಫ್ಲಶ್ ಮಾಡಿಸುತ್ತೇನೆ, ಆಗಲೂ ಬರದಿದ್ದರೆ ನೆಟ್‌ವರ್ಕ್ ಡ್ರೈವರ್ ತೆಗೆದು ಮತ್ತೆ ಹಾಕುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಎದುರಿಗಿದ್ದವರು ಪೆನ್ನು ಕೆಳಗಿಟ್ಟರು. "ಅವರು ಆಫೀಸಿನಲ್ಲಿದ್ದಾರೋ ಮನೆಯಲ್ಲಿದ್ದಾರೋ ಕೇಳಲೇ ಇಲ್ಲವಲ್ಲ? ಆಫೀಸಿನಲ್ಲಿದ್ದರೆ ಇನ್ನೂರು ಜನ ಬಳಸುವ ರೂಟರನ್ನು ಆಫ್ ಮಾಡಿಸ್ತೀರಾ?" ನನಗೆ ಮಾತು ಹೊರಡಲಿಲ್ಲ.

ಅದು 2024ರ ಏಪ್ರಿಲ್. ತಿಪಟೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಹತ್ತಿರ ಹತ್ತಿರ ಒಂದು ವರ್ಷವಾಗಿತ್ತು. ಪ್ರಶ್ನೋತ್ತರದ ವಿಡಿಯೊಗಳನ್ನು ನೋಡಿ ಎರಡು ನೋಟ್‌ಬುಕ್ ತುಂಬಿಸಿದ್ದೆ. ಡಿಎಚ್‌ಸಿಪಿ (ಯಂತ್ರಗಳಿಗೆ ಐಪಿ ವಿಳಾಸ ಹಂಚುವ ವ್ಯವಸ್ಥೆ) ನಾಲ್ಕು ಹಂತ, ಡಿಎನ್‌ಎಸ್ ಪೋರ್ಟ್ 53, ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್ 3389, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಯಶವಂತಪುರದಿಂದ ವಾಪಸ್ ಬರುವ ರೈಲಿನಲ್ಲಿ ಆ ನೋಟ್‌ಬುಕ್ ತಿರುವಿ ನೋಡಿದರೆ, ಎರಡರಲ್ಲೂ ನಾನು ಕೇಳಬೇಕಾದ ಪ್ರಶ್ನೆ ಅಂತ ಒಂದೂ ಇರಲಿಲ್ಲ. ಇದ್ದದ್ದೆಲ್ಲ ಉತ್ತರಗಳೇ.

ಇದಾಗಿ ಒಂದು ವಾರಕ್ಕೆ ಅಕ್ಕ ಫೋನ್ ಮಾಡಿದಳು. ಅವಳು ಹತ್ತಿರದ ಊರಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ.

"ಏನೋ, ಬಿಡುವಾಗಿದ್ದೀಯಾ? ಇಲ್ಲಿ ಪತ್ರಗಳೆಲ್ಲ ಕೆಟ್ಟು ಕೂತಿವೆ. ವೈರಸ್ ಬಂದಿರಬೇಕು ಕಣೋ."

ಮೊದಲಾಗಿದ್ದರೆ ತಕ್ಷಣ ಆ್ಯಂಟಿವೈರಸ್ ಓಡಿಸು ಅಂತ ಹೇಳಿಬಿಡುತ್ತಿದ್ದೆ. ಆ ದಿನ ಬಾಯಿ ಕಟ್ಟಿಕೊಂಡು ಕೇಳಿದೆ: "ಎಲ್ಲ ಪತ್ರಾನೂ ಹಂಗೇನಾ, ಕೆಲವಷ್ಟೇನಾ?"

"ಕನ್ನಡದವೆಲ್ಲ ಹಂಗೇ. ಇಂಗ್ಲಿಷಿನವು ಸರಿಯಾಗಿವೆ."

"ಹೆಂಗೆ ಕಾಣ್ತಿದೆ? ಒಂದು ಸಾಲು ಓದು."

"ಓದೋದೇನು ಬಂತು! ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಗೀಟು, ಮಧ್ಯೆ ಮಧ್ಯೆ ಪೌಂಡ್ ಗುರುತು."

"ಪಕ್ಕದ ಕಂಪ್ಯೂಟರಲ್ಲಿ ಅದೇ ಫೈಲ್ ತೆಗೆದು ನೋಡು." ಎದ್ದು ಹೋಗಿ ನೋಡಿ ಬಂದಳು. ಅಲ್ಲಿ ಚೆನ್ನಾಗಿ ಕಾಣುತ್ತಿತ್ತು.

"ನಿನ್ನೆಯಿಂದ ಇವತ್ತಿಗೆ ಏನು ಬದಲಾಯ್ತು ಅಕ್ಕ?"

"ಏನೂ ಇಲ್ಲಪ್ಪ. ಹಳೇ ಕಂಪ್ಯೂಟರ್ ತೆಗೆದು ಹೊಸದು ಕೂರಿಸಿ ಹೋದ್ರು, ಅಷ್ಟೇ."

ಅಷ್ಟೇ! ಹೊಸದಕ್ಕೆ ಕನ್ನಡ ಬರೆಯುವ ತಂತ್ರಾಂಶ 'ನುಡಿ' ಹಾಕಿರಲಿಲ್ಲ. ನುಡಿಯ ಹಳೆಯ ಫಾಂಟ್‌ಗಳು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಮಾನದಂಡ) ಅಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ನಮ್ಮ ಕಣ್ಣಿಗೆ 'ನ' ಕಾಣುವ ಕಡೆ ಕಡತದೊಳಗೆ ಇರುವುದು ಪೌಂಡ್ ಗುರುತು. ಫಾಂಟ್ ಇಲ್ಲದ ಯಂತ್ರ ಆ ಗುರುತನ್ನೇ ತೋರಿಸುತ್ತದೆ. ಫೋನಿನಲ್ಲೇ ಹೇಳಿ ನುಡಿ ಹಾಕಿಸಿದೆ. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷಕ್ಕೆ ದಾರಿ ತೋರಿಸಿದ್ದು "ಏನು ಬದಲಾಯ್ತು" ಅನ್ನುವ ಒಂದು ಪ್ರಶ್ನೆ. ಕಂಪ್ಯೂಟರ್ ಬದಲಾದದ್ದು ಅಕ್ಕನ ಲೆಕ್ಕದಲ್ಲಿ ಬದಲಾವಣೆಯೇ ಆಗಿರಲಿಲ್ಲ, ನೋಡಿ. ಯೂಸರ್ ಸುಳ್ಳು ಹೇಳುವುದಿಲ್ಲ. ಯಾವುದು ಮುಖ್ಯ ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ, ಅಷ್ಟೆ.

ಅವತ್ತೇ ಅಕ್ಕನ ಹತ್ತಿರ ಒಂದು ಒಪ್ಪಂದ ಮಾಡಿಕೊಂಡೆ. ಸಂಘದಲ್ಲಿ ಯಾರಿಗೆ ಕಂಪ್ಯೂಟರಿನ ತೊಂದರೆ ಬಂದರೂ ನನಗೆ ಫೋನ್ ಮಾಡಿಸಬೇಕು. ವಿಡಿಯೊ ಕಾಲ್ ಬೇಡ, ಫೋಟೊ ಬೇಡ, ಬರಿ ಮಾತು. ಜುಲೈ ಕೊನೆಯ ಹೊತ್ತಿಗೆ ಮೂವತ್ತೊಂದು ಕರೆಗಳಾಗಿದ್ದವು. ಅರ್ಧಕ್ಕರ್ಧ ಪ್ರಿಂಟರಿನವು. ಪ್ರಿಂಟಿಗೆ ಕಾಯುವ ಕಡತಗಳನ್ನು ಸಾಲಿನಲ್ಲಿ ನಿಲ್ಲಿಸುವ ಪ್ರಿಂಟ್ ಸ್ಪೂಲರ್ ಸರ್ವಿಸ್ ನಿಲ್ಲಿಸಿ, ಸಿಕ್ಕಿಹಾಕಿಕೊಂಡ ಕಡತಗಳನ್ನು ಅಳಿಸಿ, ಮತ್ತೆ ಶುರು ಮಾಡುವುದು ನನಗೆ ಒಂದು ನಿಮಿಷದ ಕೆಲಸ. ಐವತ್ತೆಂಟು ವರ್ಷದ ಕಾರ್ಯದರ್ಶಿಯವರಿಗೆ ಫೋನಿನಲ್ಲಿ ಹೇಳಿ ಮಾಡಿಸಲು ಮೊದಲ ಸಲ ಇಪ್ಪತ್ತೆರಡು ನಿಮಿಷ ಹಿಡಿಯಿತು. ವಿಂಡೋಸ್ ಕೀ ಒತ್ತಿ ಎಂದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ. "ಕೆಳಗಿನ ಸಾಲಿನಲ್ಲಿ ಎಡಗಡೆ ಕಿಟಕಿ ಚಿತ್ರ ಇರೋ ಗುಂಡಿ ಇದೆ ಸರ್, ಅದನ್ನ ಒತ್ತಿ ಹಿಡಿದುಕೊಂಡೇ ಆರ್ ಒತ್ತಿ. ಏನು ಬಂತು?" ಎಂದರೆ ಆಗುತ್ತಿತ್ತು. ಒಂದು ಹೆಜ್ಜೆ ಹೇಳಬೇಕು, ಕಾಯಬೇಕು, ಏನು ಕಾಣಿಸಿತು ಎಂದು ಕೇಳಬೇಕು, ಆಮೇಲೆ ಇನ್ನೊಂದು ಹೆಜ್ಜೆ. ಈ ಕಾಯುವುದನ್ನು ಯಾವ ವಿಡಿಯೊವೂ ನನಗೆ ಕಲಿಸಿರಲಿಲ್ಲ.

ಮೂರನೇ ನೋಟ್‌ಬುಕ್ಕಿನಲ್ಲಿ ಬರಿ ಪ್ರಶ್ನೆಗಳನ್ನು ಬರೆದೆ. ನಿಮಗೊಬ್ಬರಿಗೇನಾ, ಎಲ್ಲರಿಗೂನಾ? ಯಾವಾಗಿನಿಂದ? ಪರದೆ ಮೇಲೆ ಬಂದ ಸಂದೇಶವನ್ನು ಇದ್ದ ಹಾಗೆ ಓದುತ್ತೀರಾ? ವೈಫೈನಾ, ಕೇಬಲ್ಲಾ? ಮೊದಲು ಯಾವತ್ತಾದರೂ ಇದು ಕೆಲಸ ಮಾಡುತ್ತಿತ್ತಾ? ಇಂಟರ್ನೆಟ್ ಇಲ್ಲ ಎಂದವರ ಐಪಿ ವಿಳಾಸ 169.254ರಿಂದ ಶುರುವಾಗಿದ್ದರೆ ಆ ಯಂತ್ರಕ್ಕೆ ಡಿಎಚ್‌ಸಿಪಿಯಿಂದ ವಿಳಾಸ ಸಿಕ್ಕಿಲ್ಲ ಎಂದರ್ಥ. ಐಪಿ ಸರಿಯಿದ್ದು, ಸಂಖ್ಯೆಯ ವಿಳಾಸಕ್ಕೆ ಪಿಂಗ್ (ಆ ಕಡೆಯಿಂದ ಉತ್ತರ ಬರುತ್ತದಾ ಎಂದು ನೋಡುವ ಪರೀಕ್ಷೆ) ಹೋಗಿ, ವೆಬ್‌ಸೈಟಿನ ಹೆಸರಿಗೆ ಹೋಗದಿದ್ದರೆ ಡಿಎನ್‌ಎಸ್ ಕಡೆ ನೋಡಬೇಕು. ಇದನ್ನೆಲ್ಲ ಮೊದಲೂ ಓದಿದ್ದೆ. ಈಗ ಪ್ರತಿಯೊಂದು ಉತ್ತರವೂ ಒಂದು ಪ್ರಶ್ನೆಯ ಬಾಲ ಹಿಡಿದು ಬರುತ್ತಿತ್ತು.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಸಂಘದಲ್ಲಿ ಡೊಮೈನ್ ಇಲ್ಲ, ಆ್ಯಕ್ಟಿವ್ ಡೈರೆಕ್ಟರಿ ಇಲ್ಲ, ಅಂದರೆ ಎಲ್ಲರ ಕಂಪ್ಯೂಟರ್, ಅಕೌಂಟ್‌ಗಳನ್ನು ಒಂದೇ ಕಡೆಯಿಂದ ನಿಭಾಯಿಸುವ ವ್ಯವಸ್ಥೆ ಇಲ್ಲ. ಕಂಪನಿಗಳ ಹೆಲ್ಪ್ ಡೆಸ್ಕ್‌ಗೆ ಪಾಸ್‌ವರ್ಡ್ ಮತ್ತು ಅಕೌಂಟ್ ಲಾಕ್ ದಿನನಿತ್ಯದ ಊಟ. ಅದಕ್ಕೆ ಮನೆಯಲ್ಲೇ ಲ್ಯಾಬ್ ಮಾಡಿದೆ. ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ‍್ಯಾಮ್ ಇತ್ತು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇನ್ನೊಂದು 8 ಜಿಬಿ ಹಳೆಯದನ್ನು ತಂದು ಹಾಕಿದೆ. ಒಂದೇ ಕಂಪ್ಯೂಟರಿನೊಳಗೆ ಇನ್ನಷ್ಟು ಕಂಪ್ಯೂಟರ್‌ಗಳನ್ನು ನಡೆಸಲು ಬಿಡುವ ವರ್ಚುವಲ್‌ಬಾಕ್ಸ್ ಉಚಿತ. ವಿಂಡೋಸ್ ಸರ್ವರ್ ಅನ್ನು 180 ದಿನ, ವಿಂಡೋಸ್ ಎಂಟರ್‌ಪ್ರೈಸ್ ಅನ್ನು 90 ದಿನ ಪರೀಕ್ಷೆಗೆಂದು ಬಳಸಲು ಮೈಕ್ರೋಸಾಫ್ಟ್ ಬಿಡುತ್ತದೆ. ಒಂದು ಸರ್ವರ್, ಒಂದು ಕ್ಲೈಂಟ್, ಮನೆಯವರ ಹೆಸರಿನಲ್ಲಿ ಏಳು ಯೂಸರ್‌ಗಳು.

ಅಪ್ಪನ ಹೆಸರಿನ ಅಕೌಂಟಿಗೆ ಬೇಕೆಂದೇ ತಪ್ಪು ಪಾಸ್‌ವರ್ಡ್ ಹತ್ತು ಸಲ ಹಾಕಿದೆ. ಲಾಕ್ ಆಗಲಿಲ್ಲ. ಅರ್ಧ ದಿನ ಹುಡುಕಿದ ಮೇಲೆ ಗೊತ್ತಾಯಿತು, ಡೊಮೈನ್ ಪಾಲಿಸಿಯಲ್ಲಿ ಎಷ್ಟು ತಪ್ಪಿಗೆ ಲಾಕ್ ಮಾಡಬೇಕು ಎಂಬ ಮಿತಿ ಮೊದಲಿಗೆ ಸೊನ್ನೆ ಇರುತ್ತದೆ, ಸೊನ್ನೆ ಅಂದರೆ ಲಾಕ್ ಮಾಡಲೇಬೇಡ ಎಂದು. ಮೂರಕ್ಕೆ ಇಟ್ಟೆ. ಲಾಕ್ ಆಯಿತು. ಸರ್ವರಿನಲ್ಲಿ ನಡೆದದ್ದರ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ 4740 ಎಂಬ ದಾಖಲೆ ಬಿತ್ತು. ಯಾವ ಯಂತ್ರದಿಂದ ತಪ್ಪು ಪಾಸ್‌ವರ್ಡ್ ಬಂತು ಎಂದು ಅದರಲ್ಲೇ ಬರೆದಿತ್ತು. ಲಾಕ್ ಆದ ಅಕೌಂಟ್ ಬೇರೆ, ಡಿಸೇಬಲ್ ಆದದ್ದು ಬೇರೆ, ಪಾಸ್‌ವರ್ಡ್ ಅವಧಿ ಮುಗಿದದ್ದು ಬೇರೆ. ಯೂಸರ್ ಮೂರಕ್ಕೂ "ಲಾಗಿನ್ ಆಗ್ತಿಲ್ಲ" ಎಂದೇ ಹೇಳುತ್ತಾರೆ. ಈ ಮೂರನ್ನೂ ನನ್ನ ಕೈಯಾರೆ ಕೆಡಿಸಿ ಸರಿಮಾಡಿದ್ದರಿಂದ ಆಮೇಲೆ ಯಾರು ಹೇಗೆ ತಿರುಚಿ ಕೇಳಿದರೂ ಗೊಂದಲವಾಗಲಿಲ್ಲ.

ಪಾಸ್‌ವರ್ಡ್ ವಿಷಯದಲ್ಲಿ ಇನ್ನೊಂದು ಮಾತು. ಕರೆ ಮಾಡಿದವರು ಯಾರು ಎಂದು ಖಚಿತ ಮಾಡಿಕೊಳ್ಳದೆ ರಿಸೆಟ್ ಮಾಡಬಾರದು, ಅವರು ಎಷ್ಟೇ ದೊಡ್ಡ ಹುದ್ದೆಯ ಹೆಸರು ಹೇಳಲಿ, ಎಷ್ಟೇ ಅವಸರ ಮಾಡಲಿ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹೋಟೆಲ್, ಕ್ಯಾಸಿನೊ ಕಂಪನಿ ಎಂಜಿಎಂ ರೆಸಾರ್ಟ್ಸ್ ಮೇಲೆ ಸೈಬರ್ ದಾಳಿಯಾದಾಗ, ದಾಳಿಕೋರರು ನೌಕರನ ಸೋಗಿನಲ್ಲಿ ಹೆಲ್ಪ್ ಡೆಸ್ಕ್‌ಗೆ ಫೋನ್ ಮಾಡಿ ಒಳಹೊಕ್ಕರೆಂದು ವರದಿಯಾಗಿತ್ತು. ಇದನ್ನು ಓದಿದ ಮೇಲೆ ಪಾಸ್‌ವರ್ಡ್ ಕುರಿತ ನನ್ನ ಎಲ್ಲ ಉತ್ತರಗಳ ಮೊದಲ ವಾಕ್ಯವೂ ಬದಲಾಯಿತು.

ಇನ್ನು ಇಂಗ್ಲಿಷ್. ಹತ್ತನೇ ತರಗತಿವರೆಗೆ ನಾನು ಕನ್ನಡ ಮಾಧ್ಯಮ. ಓದಿದರೆ ಅರ್ಥವಾಗುತ್ತದೆ, ಮಾತಿಗೆ ನಿಂತರೆ ಗಂಟಲು ಒಣಗುತ್ತದೆ. ಎರಡು ತಿಂಗಳಲ್ಲಿ ನಿರರ್ಗಳ ಇಂಗ್ಲಿಷ್ ಬರುವುದಿಲ್ಲ ಎಂದು ಒಪ್ಪಿಕೊಂಡು, ಈ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಎಷ್ಟು ಎಂದು ಪಟ್ಟಿ ಮಾಡಿದೆ. ಅಕ್ಕನ ಜೊತೆ ಕನ್ನಡದಲ್ಲಿ ಆಡಿದ್ದ ಪ್ರತಿ ಕರೆಯನ್ನೂ ರಾತ್ರಿ ಇಂಗ್ಲಿಷಿನಲ್ಲಿ ಒಬ್ಬನೇ ಆಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳುತ್ತಿದ್ದೆ. ಹೆಚ್ಚೆಂದರೆ ನಲವತ್ತು ವಾಕ್ಯಗಳು ತಿರುಗಿ ತಿರುಗಿ ಬರುತ್ತವೆ. ಚಿಕ್ಕ ವಾಕ್ಯ, ನಿಧಾನ. ಬೆಂಗಳೂರಿನಲ್ಲಿ ಆಗಲೇ ಈ ಕೆಲಸದಲ್ಲಿದ್ದ ಗೆಳೆಯ ನನ್ನ ರೆಕಾರ್ಡಿಂಗ್ ಕೇಳಿ ಒಂದು ತಪ್ಪು ಹಿಡಿದ. ನಾನು ಮಾತೆತ್ತಿದರೆ "ಯು ಡು ಒನ್ ಥಿಂಗ್" ಅನ್ನುತ್ತಿದ್ದೆ. ಕನ್ನಡದಲ್ಲಿ "ಒಂದು ಕೆಲಸ ಮಾಡಿ" ಅನ್ನುವುದು ಎಷ್ಟು ಮೃದು! ಇಂಗ್ಲಿಷಿನಲ್ಲಿ ಅದು ಅಪ್ಪಣೆ ಕೊಟ್ಟ ಹಾಗೆ ಕೇಳುತ್ತದಂತೆ. ಬದಲಿಗೆ "ಕುಡ್ ಯು ಪ್ಲೀಸ್" ಅಭ್ಯಾಸ ಮಾಡಿದೆ. ನಾಲಿಗೆ ತಿರುಗಲು ಮೂರು ವಾರ ಬೇಕಾಯಿತು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಇನ್ಸಿಡೆಂಟ್ ಎಂದರೇನು, ಸರ್ವಿಸ್ ರಿಕ್ವೆಸ್ಟ್ ಎಂದರೇನು, ಎಸ್‌ಎಲ್‌ಎ ಎಂದರೇನು ಎಂದು ಕೇಳಿಯೇ ಕೇಳುತ್ತಾರೆ. ಕೆಟ್ಟದ್ದನ್ನು ಸರಿಮಾಡುವುದು ಮೊದಲನೆಯದು, ಹೊಸದಾಗಿ ಏನೋ ಬೇಕೆನ್ನುವುದು ಎರಡನೆಯದು, ಎಷ್ಟು ಹೊತ್ತಿನೊಳಗೆ ಎಂಬ ಕರಾರು ಮೂರನೆಯದು. ರಾತ್ರಿ ಪಾಳಿಯ ಬಗ್ಗೆ ಮನೆಯಲ್ಲಿ ಮೊದಲೇ ಮಾತಾಡಿ. ಕೆಲಸ ಖಾತ್ರಿ ಎಂದು ಮೊದಲೇ ದುಡ್ಡು ಕೇಳುವವರನ್ನು ನಂಬಬೇಡಿ. ನನ್ನನ್ನು ಒಬ್ಬರು ನಲವತ್ತು ಸಾವಿರ ಕೇಳಿದ್ದರು. ಅಪ್ಪ ಕೊಬ್ಬರಿ ಮಾರಿದ ದುಡ್ಡು ಕೊಡಲು ತಯಾರಿದ್ದರು, ನಾನೇ ತಡೆದೆ. ಆ ಸಿಟ್ಟು ಇನ್ನೂ ಇದೆ.

ಎರಡನೇ ಸಂದರ್ಶನ ಆಗಸ್ಟ್‌ನಲ್ಲಿ, ವೈಟ್‌ಫೀಲ್ಡ್ ಕಡೆ. ಯಶವಂತಪುರದಲ್ಲಿ ಇಳಿದು ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಒಂದು ಗಂಟೆ ಮೊದಲೇ ತಲುಪಿದೆ. ಎದುರಿಗೆ ಇಬ್ಬರು, ಇಬ್ಬರಿಗೂ ಕನ್ನಡ ಬಾರದು. ಮೇಡಂ ಒಬ್ಬರು ಯೂಸರ್ ಪಾತ್ರ ವಹಿಸಿದರು: "ಮನೆಯಿಂದ ಕೆಲಸ ಮಾಡ್ತಿದ್ದೀನಿ, ಹತ್ತು ನಿಮಿಷದಲ್ಲಿ ಕ್ಲೈಂಟ್ ಮೀಟಿಂಗ್ ಇದೆ, ವಿಪಿಎನ್ ಸೇರ್ತಿಲ್ಲ!" ಧ್ವನಿ ಬೇಕೆಂದೇ ಏರಿಸಿದ್ದರು.

ನಾನು ಮೊದಲು ಕೇಳಿದ್ದು, ಮೀಟಿಂಗಿಗೆ ವಿಪಿಎನ್ (ಮನೆಯಿಂದ ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ಸುರಕ್ಷಿತ ಕೊಂಡಿ) ಬೇಕೇ ಬೇಕಾ ಎಂದು. ಬೇಡ, ಆದರೆ ತೋರಿಸಬೇಕಾದ ಫೈಲ್ ಆಫೀಸಿನ ಡ್ರೈವ್‌ನಲ್ಲಿದೆ ಎಂದರು. ಹಾಗಾದರೆ ದಯವಿಟ್ಟು ಮೊಬೈಲಿನಿಂದ ಮೀಟಿಂಗ್ ಸೇರಿಕೊಳ್ಳಿ, ಆ ಫೈಲ್ ಕಳಿಸಲು ಆಫೀಸಿನಲ್ಲಿರುವ ಸಹೋದ್ಯೋಗಿಗೆ ಹೇಳಿ, ಅಷ್ಟರಲ್ಲಿ ನಾವು ಇದನ್ನು ನೋಡೋಣ ಎಂದೆ. ಬೇರೆ ವೆಬ್‌ಸೈಟ್ ತೆರೆಯುತ್ತಿವೆಯಾ? ಹೌದು. ಏನು ಸಂದೇಶ ಬರುತ್ತಿದೆ? ಲಾಗಿನ್ ಫೇಲ್ಡ್. ಇತ್ತೀಚೆಗೆ ಏನಾದರೂ ಬದಲಾಯಿತಾ? ಮೇಡಂ ಒಂದು ಕ್ಷಣ ನಿಲ್ಲಿಸಿ, ನಿನ್ನೆ ಪಾಸ್‌ವರ್ಡ್ ಬದಲಾಯಿಸಿದೆ ಎಂದರು. ವಿಪಿಎನ್ ತಂತ್ರಾಂಶದಲ್ಲಿ ಹಳೆಯ ಪಾಸ್‌ವರ್ಡ್ ಉಳಿದಿರಬಹುದು, ಅದನ್ನು ಅಳಿಸಿ ಹೊಸದು ಹಾಕೋಣ ಎಂದೆ.

ಆಮೇಲೆ ನೀವೇ ಬಿಡಿಸಿದ ಒಂದು ತೊಂದರೆ ಹೇಳಿ ಅಂದರು. ಅಕ್ಕನ ಪತ್ರಗಳ ಕತೆ ಹೇಳಿದೆ. ಕನ್ನಡ ಬಾರದವರಿಗೆ ಪೌಂಡ್ ಗುರುತು 'ನ' ಆಗುವುದನ್ನು ಇಂಗ್ಲಿಷಿನಲ್ಲಿ ವಿವರಿಸುವುದು ಸುಲಭವಿರಲಿಲ್ಲ. ಕಾಗದ ಕೇಳಿ, ಒಂದು ಕಡೆ ಗುರುತು, ಪಕ್ಕದಲ್ಲಿ ಅಕ್ಷರ ಬರೆದು ತೋರಿಸಿದೆ. ಇನ್ನೊಬ್ಬರು ಕುರ್ಚಿ ಮುಂದಕ್ಕೆಳೆದುಕೊಂಡು ನೋಡಿದರು.

ಅವರೇ ಜುಲೈ 19ರ ಮಾತು ತೆಗೆದರು. ಸೈಬರ್ ಭದ್ರತೆಯ ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದ ದಿನ. ಅವತ್ತು ನೀವು ಫೋನಿನಲ್ಲಿ ಕೂತಿದ್ದರೆ ಏನು ಮಾಡುತ್ತಿದ್ದಿರಿ? ಸೇಫ್ ಮೋಡ್‌ಗೆ (ವಿಂಡೋಸ್ ತೀರಾ ಅಗತ್ಯವಾದದ್ದಷ್ಟರಿಂದ ಶುರುವಾಗುವ ಸ್ಥಿತಿ) ಹೋಗಿ ಅಪ್‌ಡೇಟ್‌ನ ಆ ಒಂದು ಕಡತ ಅಳಿಸಬೇಕಿತ್ತು, ಅದಕ್ಕೆ ಮೊದಲು ಡಿಸ್ಕಿಗೆ ಬೀಗ ಹಾಕಿಡುವ ಬಿಟ್‌ಲಾಕರ್ ಇದ್ದ ಯಂತ್ರಗಳಿಗೆ 48 ಅಂಕಿಯ ರಿಕವರಿ ಕೀ ಬೇಕಿತ್ತು ಎಂದೆ. ಆ ಸುದ್ದಿ ಓದಿದ ವಾರವೇ ಅಕ್ಕನಿಗೆ ಫೋನಿನಲ್ಲಿ 48 ಅಂಕಿ ಬರೆಸಿ ನೋಡಿದ್ದೆ. ಒಟ್ಟಿಗೆ ಹೇಳಿದಾಗ ನಾಲ್ಕು ಅಂಕಿ ತಪ್ಪಿದ್ದವು. ಆರಾರು ಅಂಕಿಯಂತೆ ಎಂಟು ಗುಂಪು ಮಾಡಿ, ಪ್ರತಿ ಗುಂಪನ್ನೂ ಅವಳಿಂದ ತಿರುಗಿ ಓದಿಸಿಕೊಂಡಾಗ ಒಂದೂ ತಪ್ಪಲಿಲ್ಲ. ಅದನ್ನೇ ಹೇಳಿದೆ.

ಕೊನೆಗೆ, ನಿಮ್ಮ ಪ್ರಶ್ನೆ ಏನಾದರೂ ಇದೆಯಾ ಎಂದರು. ಹೊಸಬರು ಮೊದಲ ತಿಂಗಳು ಎಲ್ಲಿ ಎಡವುತ್ತಾರೆ ಎಂದು ಕೇಳಿದೆ. "ಟಿಕೆಟ್, ಅಂದರೆ ಪ್ರತಿ ದೂರಿನ ದಾಖಲೆ, ಬರೆಯುವುದರಲ್ಲಿ," ಅಂದರು ಮೇಡಂ. "ಸಮಸ್ಯೆ ಬಗೆಹರಿದಿದೆ ಎಂದಷ್ಟೇ ಬರೆದು ಮುಚ್ಚಿಬಿಡುತ್ತಾರೆ. ನಾಳೆ ಅದೇ ತೊಂದರೆ ಬಂದರೆ ಮುಂದಿನವರಿಗೆ ಏನೂ ತಿಳಿಯುವುದಿಲ್ಲ."

ಆ ರಾತ್ರಿ ರೈಲಿನಲ್ಲಿ ಕೂತು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದೆ: ತೊಂದರೆ – ಕನ್ನಡ ಕಡತಗಳನ್ನು ಓದಲಾಗುತ್ತಿಲ್ಲ, ಇಂಗ್ಲಿಷ್ ಕಡತಗಳು ಸರಿ. ಯಾವಾಗಿನಿಂದ – ಹೊಸ ಕಂಪ್ಯೂಟರ್ ಕೂರಿಸಿದ ಮೇಲೆ. ಯಾರಿಗೆ – ಒಂದು ಯಂತ್ರಕ್ಕೆ. ಪಕ್ಕದ ಯಂತ್ರದಲ್ಲಿ ಅದೇ ಕಡತ ಸರಿ. ಕಾರಣ – ನುಡಿ ಫಾಂಟ್ ಇಲ್ಲ. ಮಾಡಿದ್ದು – ನುಡಿ ಹಾಕಿಸಲಾಯಿತು. ಖಚಿತಪಡಿಸಿದ್ದು – ಯೂಸರ್ ಮೂರು ಕಡತ ತೆರೆದು ಓದಿ ನೋಡಿದರು.

ಒಂಬತ್ತನೇ ದಿನ ಆಫರ್ ಲೆಟರ್ ಬಂತು.