ನೋವು ತಗ್ಗಿಸಲು ಟೆನ್ಸ್ ಯಂತ್ರವನ್ನು ಬಳಸುವ ಕ್ರಮ

ಟೆನ್ಸ್ ಯಂತ್ರವು ಚರ್ಮದ ಮೇಲೆ ಅಂಟಿಸಿದ ಪಟ್ಟಿಗಳ ಮೂಲಕ ಸೌಮ್ಯ ವಿದ್ಯುತ್ ಮಿಡಿತಗಳನ್ನು ಹರಿಸಿ ನೋವಿನ ಸಂಕೇತಗಳನ್ನು ತಾತ್ಕಾಲಿಕವಾಗಿ ತಗ್ಗಿಸುತ್ತದೆ. ಅದು ನರವನ್ನು ಪೂರ್ತಿ ಸ್ತಬ್ಧಗೊಳಿಸುವುದಿಲ್ಲ. ಸ್ಪರ್ಶವನ್ನು ಒಯ್ಯುವ ದಪ್ಪ ನರತಂತುಗಳು ಪ್ರಚೋದನೆಗೊಂಡಾಗ ಬೆನ್ನುಹುರಿಯಲ್ಲಿಯೇ ನೋವಿನ ಸಂಕೇತಗಳಿಗೆ ತಡೆ ಬೀಳುತ್ತದೆ ಎಂದು 1965ರಲ್ಲಿ ನೋವಿನ ಸಂಶೋಧಕರಾದ ಮೆಲ್ಝಾಕ್ ಮತ್ತು ವಾಲ್ ಮಂಡಿಸಿದ ಸಿದ್ಧಾಂತವೇ ಇದಕ್ಕೆ ಆಧಾರ. ನರದ ಸಂಕೇತವನ್ನೇ ನಿಲ್ಲಿಸಬಲ್ಲ ಕಿಲೋಹರ್ಟ್ಸ್ ಪ್ರವಾಹದ (ಸೆಕೆಂಡಿಗೆ ಸಾವಿರಾರು ಬಾರಿ ಮಿಡಿಯುವ ವಿದ್ಯುತ್ತಿನ) ವಿಧಾನ ಬೇರೆಯೇ ಆಗಿದ್ದು, ಅದನ್ನು ಮನೆಯಲ್ಲಿ ಪ್ರಯತ್ನಿಸಲೇಬಾರದು.

ಪೇಸ್‌ಮೇಕರ್ ಇರುವವರು ಈ ಯಂತ್ರವನ್ನು ಬಳಸಕೂಡದು. ಅಪಸ್ಮಾರ ಅಥವಾ ಹೃದಯದ ತೊಂದರೆಯುಳ್ಳವರು ಮತ್ತು ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಬೇಕು. ನೋವಿನ ಕಾರಣವೇ ತಿಳಿಯದಿದ್ದರೆ ಅದನ್ನು ಅಡಗಿಸಲು ಹೊರಡುವುದು ಅಪಾಯಕರವೆಂಬುದು ನನ್ನ ದೃಢವಾದ ಅಭಿಪ್ರಾಯ.

ಚರ್ಮವನ್ನು ತೊಳೆದು ಒಣಗಿಸಿ, ಯಂತ್ರ ಆಫ್ ಆಗಿರುವಾಗಲೇ ಪಟ್ಟಿಗಳನ್ನು ನೋವಿನ ಜಾಗದ ಎರಡೂ ಬದಿಗೆ, ಒಂದಕ್ಕೊಂದು ತಾಗದಂತೆ ಅಂಟಿಸಿ. ಕತ್ತಿನ ಮುಂಭಾಗ, ಕಣ್ಣು, ಎದೆ, ಗಾಯ ಮತ್ತು ಸ್ಪರ್ಶಜ್ಞಾನವಿಲ್ಲದ ಭಾಗಗಳನ್ನು ಬಿಡಬೇಕು. ಆವರ್ತನವನ್ನು, ಅಂದರೆ ಸೆಕೆಂಡಿಗೆ ಬರುವ ಮಿಡಿತಗಳ ಸಂಖ್ಯೆಯನ್ನು, ಸುಮಾರು 80ರಿಂದ 100 ಹರ್ಟ್ಸ್‌ಗೆ ಹೊಂದಿಸಿ, ತೀವ್ರತೆಯನ್ನು ಸೊನ್ನೆಯಿಂದ ನಿಧಾನವಾಗಿ ಏರಿಸುತ್ತಾ, ಜುಮುಗುಡುವಿಕೆ ಬಲವಾಗಿದ್ದರೂ ಹಿತವೆನಿಸುವಲ್ಲಿ ನಿಲ್ಲಿಸಿ. ಈ ಹಂತಕ್ಕೆ ಅವಸರ ಸಲ್ಲದು: ತೀರಾ ಮಂದವಾದರೆ ಫಲ ಸಿಗದು, ಸ್ನಾಯು ಸೆಟೆದುಕೊಂಡರೆ ಅಥವಾ ಉರಿಯಾದರೆ ಕೂಡಲೇ ತಗ್ಗಿಸಬೇಕು. ಕೆಲವು ನಿಮಿಷಗಳಲ್ಲಿ ಜುಮುಗುಡುವಿಕೆ ಮಂದವಾದಂತೆನಿಸಿದರೆ ತೀವ್ರತೆಯನ್ನು ತುಸು ಹೆಚ್ಚಿಸಬಹುದು. ಸಾಮಾನ್ಯವಾಗಿ 30 ನಿಮಿಷ ಬಳಸಿ, ಯಂತ್ರವನ್ನು ಆರಿಸಿದ ನಂತರವೇ ಪಟ್ಟಿಗಳನ್ನು ತೆಗೆದು, ಚರ್ಮ ಕೆಂಪಾಗಿದೆಯೇ ಎಂದು ಪರೀಕ್ಷಿಸಿ. ಸ್ನಾನ ಮಾಡುವಾಗ, ನಿದ್ರಿಸುವಾಗ, ವಾಹನ ಓಡಿಸುವಾಗ ಇದನ್ನು ಬಳಸಬಾರದು.