ಕಾಗದದ ಮೇಲೆ ಹೊಲಿದ ಮನೆಸಾಮಾನು: ನನ್ನ ಮೊದಲ ಪೇಪರ್ ಪೀಸಿಂಗ್ ಕೌದಿ

ಬಟ್ಟೆಯ ತುಂಡುಗಳಲ್ಲಿ ನಾನು ಹೊಲಿದ ಕಪ್ಪಿನ ಚಿತ್ರದಲ್ಲಿ ಹಿಡಿಕೆ ಎಡಕ್ಕೆ ಬಂದಿತ್ತು. ನಾನು ಗೆರೆ ಎಳೆದಿದ್ದು ಬಲಕ್ಕೆ. ಕಾಗದದ ಕಡೆಯಿಂದ ನೋಡಿದರೆ ಎಲ್ಲವೂ ಸರಿಯಾಗಿದೆ, ಬಟ್ಟೆಯ ಕಡೆ ತಿರುಗಿಸಿದರೆ ಅದಲು ಬದಲು. ಕಾಗದದ ಮೇಲಿನ ಗೆರೆಗುಂಟ ಬಟ್ಟೆಯ ತುಂಡುಗಳನ್ನು ಹೊಲಿದು ಚಿತ್ರ ಮಾಡುವ ಫೌಂಡೇಶನ್ ಪೇಪರ್ ಪೀಸಿಂಗ್ ಎಂಬ ಕೆಲಸ ನನ್ನ ತಲೆಯೊಳಗೆ ಸರಿಯಾಗಿ ಕೂತದ್ದು ಆವತ್ತು. ಗೆರೆ ಇರುವುದು ಕಾಗದದ ಈಚೆ, ಬಟ್ಟೆ ಇರುವುದು ಆಚೆ. ನಾವು ಗೆರೆ ನೋಡಿಕೊಂಡು ಹೊಲಿಯುತ್ತೇವೆ, ಚಿತ್ರ ಹಿಂದೆ ಬೆಳೆಯುತ್ತಾ ಹೋಗುತ್ತದೆ, ಕನ್ನಡಿಯಲ್ಲಿ ಕಂಡ ಹಾಗೆ.

ಬುಡಕ್ಕೆ ಒಂದು ಪದರ ಇಟ್ಟು ಅದರ ಮೇಲೆ ತುಂಡು ಜೋಡಿಸುವುದು ಹಳೆಯ ವಿದ್ಯೆ. 19ನೇ ಶತಮಾನದ ಎಷ್ಟೋ ಲಾಗ್ ಕ್ಯಾಬಿನ್ ಕೌದಿಗಳು (ನಡುವಿನ ಚೌಕದ ಸುತ್ತ ಪಟ್ಟಿ ಸೇರಿಸುತ್ತಾ ಹೋಗುವಂಥವು), 1880ರ ದಶಕದಲ್ಲಿ ಅಮೆರಿಕದ ಮನೆಮನೆಗೂ ಹಬ್ಬಿದ, ಅಡ್ಡಾದಿಡ್ಡಿ ತುಂಡುಗಳ ಕ್ರೇಜಿ ಕ್ವಿಲ್ಟ್‌ಗಳು ಹೀಗೇ ಆದಂಥವು. ಅಲ್ಲಿ ಬುಡದಲ್ಲಿದ್ದದ್ದು ಬಟ್ಟೆ, ಅದು ಒಳಗೇ ಉಳಿದುಬಿಡುತ್ತಿತ್ತು. ನಮ್ಮದರಲ್ಲಿ ಕಾಗದ, ಕೊನೆಗೆ ಹರಿದು ತೆಗೆಯುತ್ತೇವೆ. ಇಂಗ್ಲಿಷ್ ಪೇಪರ್ ಪೀಸಿಂಗ್ ಎನ್ನುವುದು ಬೇರೆ: ಅಲ್ಲಿ ಬಟ್ಟೆಯನ್ನು ಕಾಗದದ ಅಚ್ಚಿಗೆ ಮಡಚಿ, ತುಂಡಿಗೆ ತುಂಡು ಕೈಯಲ್ಲೇ ಹೊಲಿಯುತ್ತಾರೆ. ಹೆಸರು ಹತ್ತಿರವಿದೆ ಎಂದು ಗೊಂದಲ ಬೇಡ.

ಹೊಸಬರಿಗೆ ನಾನು ಇದನ್ನೇ ಶಿಫಾರಸು ಮಾಡಲು ಕಾರಣವಿದೆ. ಮಾಮೂಲಿ ಜೋಡಣೆಯಲ್ಲಿ ಪ್ರತಿ ತುಂಡನ್ನೂ ಕರಾರುವಾಕ್ಕಾಗಿ ಕತ್ತರಿಸಬೇಕು, ಹೊಲಿಗೆಯಾಚೆ ಬಿಡುವ ಕಾಲು ಇಂಚಿನ ಮಾರ್ಜಿನ್ ಕೈಯಳತೆಯಲ್ಲೇ ನಿಲ್ಲಬೇಕು. ಇಲ್ಲಿ ತುಂಡು ದೊಡ್ಡದಿದ್ದರೆ ಸಾಕು, ಕತ್ತರಿ ಸೊಟ್ಟ ಹೋದರೂ ನಡೆಯುತ್ತದೆ. ಅಚ್ಚುಕಟ್ಟುತನವನ್ನೆಲ್ಲ ಕಾಗದದ ಗೆರೆ ಹೊತ್ತುಕೊಳ್ಳುತ್ತದೆ. ನಮ್ಮ ಪಾಲಿಗೆ ಉಳಿಯುವುದು ಎರಡೇ ಲೆಕ್ಕ: ಯಾವುದರ ನಂತರ ಯಾವುದು, ಯಾವುದು ಯಾವ ಕಡೆ.

ಮನೆಸಾಮಾನು ಆರಿಸಿಕೊಂಡದ್ದು ಪ್ರೀತಿಯಿಂದ ನಿಜ, ಆದರೆ ಅದರಲ್ಲಿ ಲೆಕ್ಕಾಚಾರವೂ ಇತ್ತು. ಈ ವಿಧಾನದಲ್ಲಿ ಬಾಗಿದ ಗೆರೆ ಇಲ್ಲ, ಎಲ್ಲ ನೇರ. ಹೂವು, ಹಕ್ಕಿಗಳನ್ನು ನೇರ ಗೆರೆಗೆ ಇಳಿಸಲು ಹೋದರೆ ತುಂಡುಗಳ ಸಂಖ್ಯೆ ಮೂವತ್ತು ನಲವತ್ತು ದಾಟುತ್ತದೆ. ಕಿಟಕಿ, ಬಾಗಿಲು, ಮೇಜು, ಕುರ್ಚಿ, ಪುಸ್ತಕ, ಟೇಬಲ್ ಲ್ಯಾಂಪ್, ದಾರದ ರೀಲು ಹುಟ್ಟಿನಿಂದಲೇ ನೇರ ಗೆರೆಯವು. ಇವಕ್ಕೆ ಗಡಿಯಾರ, ಹೂದಾನಿ, ಇಸ್ತ್ರಿಪೆಟ್ಟಿಗೆ, ಕಪ್ಪು, ಕೆಟಲ್ ಸೇರಿಸಿ ಹನ್ನೆರಡು ಮಾಡಿಕೊಂಡೆ. ಅಡ್ಡಕ್ಕೆ ಮೂರು, ಉದ್ದಕ್ಕೆ ನಾಲ್ಕು.

ಬ್ಲಾಕಿನ, ಅಂದರೆ ಒಂದೊಂದು ಚಿತ್ರದ ಚೌಕದ, ಅಳತೆ ಮೊದಲು 8 ಇಂಚು ಅಂದುಕೊಂಡಿದ್ದೆ. ಸುತ್ತ ಕಾಲು ಕಾಲು ಇಂಚು ಮಾರ್ಜಿನ್ ಸೇರಿದರೆ ಎಂಟೂವರೆ. ಎ4 ಹಾಳೆಯ ಅಗಲ 210 ಮಿ.ಮೀ., ಅಂದರೆ ಎಂಟೂಕಾಲು ಇಂಚಿಗಿಂತ ಕೂದಲೆಳೆಯಷ್ಟು ಹೆಚ್ಚು. ಹಿಡಿಸುವುದಿಲ್ಲ. ಅಂಟಿಸಿದ ಹಾಳೆಗಳ ಮೇಲೆ ಹೊಲಿಯುವ ಕಷ್ಟ ಮೊದಲ ಕೌದಿಗೇ ಬೇಡವೆಂದು 7 ಇಂಚಿಗೆ ಇಳಿಸಿದೆ. ಬ್ಲಾಕುಗಳ ನಡುವೆ ಮತ್ತು ಸುತ್ತಲೂ 2 ಇಂಚಿನ ಪಟ್ಟಿ. ಒಟ್ಟು 29 ಇಂಚು ಅಗಲ, 38 ಇಂಚು ಉದ್ದ.

ಒಂದು ಚಿತ್ರ ಹೊಸಬರ ಕೈಗೆ ಸುಲಭವೋ ಅಲ್ಲವೋ ಎಂದು ನೋಡಿದ ತಕ್ಷಣ ಗೊತ್ತಾಗುವುದಿಲ್ಲ. ನಾನು ಕಂಡುಕೊಂಡ ಪರೀಕ್ಷೆ ಚಿತ್ರವನ್ನು ಕೊನೆಯಿಂದ ಮೊದಲಿಗೆ ಬಿಚ್ಚುವುದು. ಈ ಅಂಚಿನಿಂದ ಆ ಅಂಚಿಗೆ ಎಲ್ಲೂ ಮುರಿಯದೆ ಹಾಯುವ ಒಂದೇ ನೇರ ಗೆರೆಯಿಂದ ಕಳಚಿಕೊಳ್ಳುವ ತುಂಡು ಇದೆಯೇ ನೋಡಿ. ಇದ್ದರೆ ಅದು ಕೊನೆಗೆ ಹೊಲಿಯುವ ತುಂಡು, ಅಂದರೆ ಕೊನೆಯ ನಂಬರು. ಅದನ್ನು ಮನಸ್ಸಿನಲ್ಲೇ ತೆಗೆದುಹಾಕಿ, ಉಳಿದದ್ದರಲ್ಲಿ ಮತ್ತೆ ಹುಡುಕಿ. ಹೀಗೆ ಕಳಚುತ್ತಾ ಒಂದೇ ತುಂಡಿಗೆ ಬಂದು ನಿಂತರೆ ಇಡೀ ಚಿತ್ರ ಒಂದೇ ಕಾಗದದಲ್ಲಿ ಆಗುತ್ತದೆ. ನಡುವೆ ಎಲ್ಲೋ ಯಾವ ತುಂಡೂ ಕಳಚದೆ ಸಿಕ್ಕಿಕೊಂಡರೆ ಅಲ್ಲಿ ಕಾಗದವನ್ನೇ ಭಾಗ ಮಾಡಬೇಕು. ಭಾಗಗಳಿಗೆ ಎ, ಬಿ, ಸಿ ಎಂದು ಹೆಸರಿಟ್ಟು, ಬೇರೆಬೇರೆ ಹೊಲಿದು, ಆಮೇಲೆ ಕೂಡಿಸುವುದು.

ಈ ಪರೀಕ್ಷೆಯಲ್ಲಿ ಗಡಿಯಾರ ಎಲ್ಲಕ್ಕಿಂತ ಸಲೀಸಾಗಿ ಪಾಸಾಯಿತು. ದುಂಡು ಸಾಧ್ಯವಿಲ್ಲವಾದ್ದರಿಂದ 5 ಇಂಚಿನ ಎಂಟು ಬದಿಯ ಗಡಿಯಾರ ಬರೆದುಕೊಂಡೆ. ನಡುವಿನ ಮುಖ 1, ನಾಲ್ಕು ಮೂಲೆ 2ರಿಂದ 5, ಸುತ್ತಲಿನ ಪಟ್ಟಿ 6ರಿಂದ 9. ಒಂದೇ ಕಾಗದ, ಒಂಬತ್ತೇ ತುಂಡು, ಎಡಬಲದ ತಲೆನೋವೂ ಇಲ್ಲ. ಮುಳ್ಳುಗಳನ್ನು ಮಾತ್ರ ಕೊನೆಗೆ ದಾರದಲ್ಲಿ ಕಸೂತಿ ಮಾಡಿದೆ. ಅಷ್ಟು ಸಣ್ಣ ಪಟ್ಟಿಯನ್ನು ಬಟ್ಟೆಯಲ್ಲಿ ಕೂರಿಸುವ ಹಟ ಬೇಡ. ಹೊಸದಾಗಿ ಶುರುಮಾಡುವವರು ಗಡಿಯಾರವನ್ನೇ ಮೊದಲು ಹೊಲಿಯಿರಿ.

ಪ್ರಿಂಟ್ ತೆಗೆಯುವಾಗ ಒಂದು ಎಚ್ಚರ. ಮೊದಲ ಕಟ್ಟು ಪೂರ್ತಿ ನನಗೆ ವ್ಯರ್ಥವಾಯಿತು, ಪ್ರಿಂಟರ್ ತನ್ನಷ್ಟಕ್ಕೆ ಹಾಳೆಗೆ ಹೊಂದಿಸಿಕೊಂಡು ಶೇ. 97ಕ್ಕೆ ಕುಗ್ಗಿಸಿತ್ತು. 7 ಇಂಚಿನಲ್ಲಿ ಅದು ಸುಮಾರು ಕಾಲು ಇಂಚಿನ ಹತ್ತಿರದ ನಷ್ಟ. ಆಮೇಲಿಂದ ಪ್ರತಿ ಹಾಳೆಯ ಮೂಲೆಯಲ್ಲಿ 1 ಇಂಚಿನ ಚೌಕ ಬರೆದಿಟ್ಟು, ಶೇ. 100 ಎಂದು ಆರಿಸಿ, ಬಂದದ್ದನ್ನು ಸ್ಕೇಲಿನಲ್ಲಿ ಅಳೆದೇ ಮುಂದೆ ಹೋಗುತ್ತಿದ್ದೆ. ಕಾಗದ ತೆಳ್ಳಗಿದ್ದಷ್ಟೂ ಒಳ್ಳೆಯದು. ಮಾಮೂಲಿ 80 ಜಿಎಸ್‌ಎಂ ಹಾಳೆಯಲ್ಲೂ ಆಗುತ್ತದೆ, ಕೀಳುವಾಗ ಮಾತ್ರ ಹಟ ಹಿಡಿಯುತ್ತದೆ.

ಮಷಿನ್ನಿಗೆ ಎರಡು ಬದಲಾವಣೆ: 14 ನಂಬರಿನ ಸೂಜಿ, ಸಾಮಾನ್ಯವಾಗಿ ಎರಡೂವರೆ ಮಿ.ಮೀ. ಇರುವ ಹೊಲಿಗೆಯ ಉದ್ದ ಒಂದೂವರೆಗೆ. ಇಂಚಿಗೆ 17ರ ಆಸುಪಾಸು ಹೊಲಿಗೆ ಬೀಳುತ್ತದೆ. ದಪ್ಪ ಸೂಜಿ, ಒತ್ತೊತ್ತು ತೂತು. ಕಾಗದ ಅಂಚೆಚೀಟಿಯ ಹಾಗೆ ಹರಿಯುತ್ತದೆ. ಒಂದಕ್ಕಿಂತ ಕಡಿಮೆಗೆ ಇಳಿಸಬೇಡಿ, ತಪ್ಪಿದಾಗ ಬಿಚ್ಚಲು ಆಗುವುದಿಲ್ಲ.

ಇನ್ನು ಹೊಲಿಗೆ. 1ನೇ ತುಂಡಿನ ಉಲ್ಟಾ ಬದಿಯನ್ನು ಕಾಗದದ ಗೆರೆಯಿಲ್ಲದ ಬದಿಗೆ ತಾಗಿಸಿ, ಬೆಳಕಿಗೆ ಹಿಡಿದು ನೋಡಿ. 1ರ ಜಾಗವನ್ನು ದಾಟಿ ಸುತ್ತ ಕಾಲು ಇಂಚಾದರೂ ಹೊರಗಿರಬೇಕು. ಗ್ಲೂ ಸ್ಟಿಕ್‌ನ ಒಂದು ಚುಕ್ಕಿ ಹಚ್ಚಿದರೆ ಜಾರುವುದಿಲ್ಲ. 1 ಮತ್ತು 2ರ ನಡುವಿನ ಗೆರೆಗೆ ಒಂದು ಗಟ್ಟಿ ಕಾರ್ಡ್ ಇಟ್ಟು ಕಾಗದವನ್ನು ಹಿಂದಕ್ಕೆ ಮಡಚಿ. ಈಚೆ ಉಳಿದ ಬಟ್ಟೆಯನ್ನು ಮಡಿಕೆಯಿಂದ ಕಾಲು ಇಂಚು ಬಿಟ್ಟು ಕತ್ತರಿಸಿ. ಈ ಕತ್ತರಿಸಿದ ಅಂಚೇ 2ನೇ ತುಂಡಿಗೆ ದಾರಿ ತೋರಿಸುತ್ತದೆ. ಸೀದಾ ಬದಿಗೆ ಸೀದಾ ಬದಿ ಸೇರಿಸಿ, ಅಂಚಿಗೆ ಅಂಚು ಕೂಡಿಸಿ, ಮಡಿಕೆ ಬಿಡಿಸಿ, ಕಾಗದವನ್ನು ಗೆರೆ ಮೇಲಾಗಿ ತಿರುಗಿಸಿ, ಗೆರೆಯ ಮೇಲೆ ಹೊಲಿಯಿರಿ. ಗೆರೆ ಶುರುವಾಗುವ ಮುಂಚೆ ಎರಡು ಮೂರು ಹೊಲಿಗೆ, ಮುಗಿದ ಮೇಲೆ ಎರಡು ಮೂರು. ಬಟ್ಟೆ ಬಿಡಿಸಿ ಇಸ್ತ್ರಿ. ಮತ್ತೆ ಮಡಚುವುದು, ಕತ್ತರಿಸುವುದು, ಹೊಲಿಯುವುದು, ಇಸ್ತ್ರಿ. ಗಡಿಯಾರದ ಐದನೇ ತುಂಡಿಗೆ ಬರುವಷ್ಟರಲ್ಲಿ ಕೈ ತಾನೇ ನಡೆಯತೊಡಗಿತ್ತು, ಮತ್ತು ತಿರುಗಿಸಿ ನೋಡಿದಾಗ ಮೂಲೆಗಳು ಚೂರಿಯಲ್ಲಿ ಕೊಯ್ದಷ್ಟು ಚೂಪು. ಹೊಲಿಗೆಯಲ್ಲಿ ಅಂಥ ಮೂಲೆ ನನ್ನ ಕೈಯಿಂದ ಅಲ್ಲಿವರೆಗೆ ಬಂದಿರಲಿಲ್ಲ.

ಇಸ್ತ್ರಿಗೆ ಹಬೆ ಬೇಡ, ಕಾಗದ ಸುರುಳಿ ಸುತ್ತಿಕೊಳ್ಳುತ್ತದೆ, ಇಂಕ್‌ಜೆಟ್ ಶಾಯಿ ಹರಡುತ್ತದೆ. ಲೇಸರ್ ಪ್ರಿಂಟ್ ಆದರೆ ಬಿಸಿಗೆ ಟೋನರ್ ಅಂಟುತ್ತದೆ, ಹಲಗೆಯ ಮೇಲೆ ಹಳೆ ಬಟ್ಟೆ ಹಾಸಿಕೊಳ್ಳಿ. ಆದಷ್ಟೂ ಬಟ್ಟೆಯ ಕಡೆಯಿಂದಲೇ ಒತ್ತಿ.

ಎಲ್ಲರೂ ಎಡವುವ ಜಾಗ ಓರೆ ಗೆರೆ. ತ್ರಿಕೋನದ ಜಾಗ ಕಂಡ ಕೂಡಲೇ ತ್ರಿಕೋನವನ್ನೇ ಕತ್ತರಿಸುವ ಆಸೆ ಬರುತ್ತದೆ. ಹೊಲಿದು ಮಗುಚಿದರೆ ಒಂದು ತುದಿ ಬೋಳು. ಬಟ್ಟೆ ಗೆರೆಯನ್ನು ಹಿಡಿದುಕೊಂಡು ಕನ್ನಡಿಬಿಂಬದಂತೆ ಮಗುಚುತ್ತದೆ ಎಂಬುದನ್ನು ಕಣ್ಣು ಊಹಿಸುವುದಿಲ್ಲ. ಗಡಿಯಾರದ ಮೂಲೆಗೆ ನಾನು ಎರಡು ಇಂಚು ಅಗಲ, ಮೂರೂವರೆ ಇಂಚು ಉದ್ದದ ಆಯತವನ್ನೇ ಇಟ್ಟೆ. ಬಟ್ಟೆ ಸ್ವಲ್ಪ ಪೋಲಾಯಿತು, ಬಿಚ್ಚುವುದು ಉಳಿಯಿತು. ಸಂಶಯವಿದ್ದಾಗ ಹೊಲಿಯುವ ಮುಂಚೆ ಗೆರೆಯುದ್ದಕ್ಕೆ ಗುಂಡುಸೂಜಿ ಚುಚ್ಚಿ, ಬಟ್ಟೆ ಮಗುಚಿ, ಬೆಳಕಿಗೆ ಹಿಡಿದು ನೋಡಿದರೆ ಸಾಕು.

ಬಿಚ್ಚುವಾಗ ಕಾಗದ ಹರಿದರೆ ಪ್ಲಾಸ್ಟಿಕ್ ಟೇಪು ಅಂಟಿಸಬೇಡಿ, ಇಸ್ತ್ರಿಗೆ ಕರಗುತ್ತದೆ. ಕಾಗದದ ಟೇಪು ಒಳ್ಳೆಯದು.

ಲ್ಯಾಂಪು ಮೂರು ಭಾಗ: ಮೇಲಿನ ಶೇಡ್, ನಡುವಿನ ಕಂಬ, ಕೆಳಗಿನ ಪೀಠ, ಒಟ್ಟು ಹತ್ತು ತುಂಡು. ಕಿಟಕಿ ನೋಡಲು ಬಲು ಸುಲಭ, ಆದರೆ ಮೇಲಿನ ಸಾಲಿನ ನಿಲುವು ಪಟ್ಟಿ ಕೆಳಗಿನ ಸಾಲಿನದಕ್ಕೆ ನೇರ ಕೂರದಿದ್ದರೆ ಕಣ್ಣಿಗೆ ಮೊದಲು ಬೀಳುವುದೇ ಅದು. ಭಾಗಗಳನ್ನು ಕೂಡಿಸುವಾಗ ಗುಂಡುಸೂಜಿಯನ್ನು ಎರಡೂ ಕಾಗದದ ಅದೇ ಚುಕ್ಕಿಯಲ್ಲಿ ನೆಟ್ಟಗೆ ಇಳಿಸಿ ನಿಲ್ಲಿಸಿ, ಅಕ್ಕಪಕ್ಕ ಕ್ಲಿಪ್ ಹಾಕಿ, ಆ ಒಂದಿಂಚನ್ನು ಮಾತ್ರ ಉದ್ದ ಹೊಲಿಗೆಯಲ್ಲಿ ಕಚ್ಚಾ ಹೊಲಿದು ತೆರೆದು ನೋಡುತ್ತಿದ್ದೆ. ಸರಿ ಕೂತಿದ್ದರೆ ಪೂರ್ತಿ ಹೊಲಿಗೆ. ನನ್ನ ಕಿಟಕಿ ಮೂರನೇ ಸಲಕ್ಕೆ ಕೂತಿತು.

ಕಪ್ಪು ಪರೀಕ್ಷೆಯಲ್ಲಿ ಸಿಕ್ಕಿಕೊಂಡದ್ದು ಹಿಡಿಕೆಯ ತೂತಿನಲ್ಲಿ. ಕಪ್ಪಿನ ಮೈಗೂ ಹಿಡಿಕೆಗೂ ನಡುವೆ ಒಂದು ನಿಲುವು ಗೆರೆ ಎಳೆದು ಎರಡು ಭಾಗ ಮಾಡಿದ ಮೇಲೆ ಬಿಡಿಸಿಕೊಂಡಿತು. ಹಿಡಿಕೆಯ ಭಾಗದಲ್ಲಿ ತೂತೇ 1ನೇ ತುಂಡು. ಅದರ ಪಕ್ಕಕ್ಕೆ ನಿಲುವು ಪಟ್ಟಿ 2, ಮೇಲೆ 3, ಕೆಳಗೆ 4. ಹೊರಗಿನ ಎರಡು ಮೂಲೆಯನ್ನು ಓರೆಯಾಗಿ ಸವರುವ ಹಿನ್ನೆಲೆ ಬಟ್ಟೆ 5 ಮತ್ತು 6, ಅದರಿಂದಲೇ ಹಿಡಿಕೆ ದುಂಡಗೆ ಕಾಣುತ್ತದೆ. ಆಮೇಲೆ ಮೂರು ಕಡೆಯ ಹಿನ್ನೆಲೆ 7, 8, 9. ಖಾಲಿ ಜಾಗವೇ ಮೊದಲ ತುಂಡು ಎಂಬುದು ಹೊಳೆಯಲು ನನಗೆ ಒಂದು ಸಂಜೆ ಬೇಕಾಯಿತು. ಹೊಳೆದ ಮೇಲೆ ಕುರ್ಚಿ ಕಾಲುಗಳ ನಡುವಿನ ಸಂದು, ಇಸ್ತ್ರಿಪೆಟ್ಟಿಗೆಯ ಹಿಡಿಯ ಕೆಳಗಿನ ಸಂದು ಎಲ್ಲ ತಾವಾಗಿ ಬಿಡಿಸಿಕೊಂಡವು. ಹಿಡಿಕೆಯ ಪಟ್ಟಿ ಅರ್ಧ ಇಂಚಿನದು, ಎರಡೂ ಕಡೆಯ ಮಾರ್ಜಿನ್ ಒಳಗೆ ಒಂದರ ಮೇಲೊಂದು ಗುಡ್ಡೆಯಾಗುತ್ತದೆ. ಅಲ್ಲಿ ಮಾತ್ರ ಮಾರ್ಜಿನ್ನನ್ನು ಅರೆಕಾಲು ಇಂಚಿಗೆ ಕತ್ತರಿಸಿದೆ.

ಎಡಕ್ಕೆ ತಿರುಗಿದ ಕಪ್ಪನ್ನು ಹಾಗೇ ಇಟ್ಟುಕೊಂಡೆ, ಕಪ್ಪಿಗೆ ಏನೂ ಊನವಿಲ್ಲ. ಆದರೆ ಅದರ ಪಕ್ಕದ ಕೆಟಲಿನ ಮೂತಿ ಕಪ್ಪಿನ ಕಡೆಗೇ ಇರಬೇಕೆಂದು ನನ್ನ ಆಸೆ. ಅದಕ್ಕೆ ಕೆಟಲಿನ ಚಿತ್ರವನ್ನು ತಿರುವುಮುರುವಾಗಿ ಪ್ರಿಂಟ್ ಮಾಡಿಕೊಂಡೆ. ಅಂದಿನಿಂದ ಪ್ರತಿ ಕಾಗದದ ತಲೆಯಲ್ಲಿ, ಬಟ್ಟೆಯಲ್ಲಿ ಯಾವ ಕಡೆ ಬರಬೇಕೋ ಆ ಕಡೆಗೆ ಬಾಣದ ಗುರುತು ಹಾಕುವುದು ಅಭ್ಯಾಸವಾಗಿದೆ.

ಬಣ್ಣದ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಹನ್ನೆರಡಕ್ಕೂ ಒಂದೇ ಕೆನೆಬಣ್ಣದ ಹಿನ್ನೆಲೆ, ವಸ್ತುಗಳಿಗೆ ಐದು ಪ್ಲೇನ್ ಬಣ್ಣ. ದಿಕ್ಕಿರುವ ಪ್ರಿಂಟು, ಗೆರೆ ಗೆರೆ ಬಟ್ಟೆ ಮೊದಲ ಕೌದಿಗೆ ಬೇಡ, ಮಗುಚಿದಾಗ ಗೆರೆ ಯಾವ ಕಡೆ ಓಡುತ್ತದೋ ಹೇಳಲಾಗದು. ಬಟ್ಟೆಗಳನ್ನು ಒಟ್ಟಿಗೆ ಹರಡಿ ಫೋನಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆದು ನೋಡಿ: ಎರಡು ಒಂದೇ ಬೂದಿಯಾಗಿ ಕಂಡರೆ ಅವು ಅಕ್ಕಪಕ್ಕ ಕರಗಿಹೋಗುತ್ತವೆ. ತಿಳಿ ಬಟ್ಟೆಯ ಹಿಂದೆ ಕಡುನೀಲಿಯ ಮಾರ್ಜಿನ್ ಬಂದರೆ ಮುಂದೆ ನೆರಳು ಬೀಳುತ್ತದೆ. ಅಲ್ಲಿ ನೀಲಿಯ ಅಂಚನ್ನು ತಿಳಿ ಬಟ್ಟೆಗಿಂತ ಒಂದು ಎಳೆ ಚಿಕ್ಕದಾಗಿ ಕತ್ತರಿಸಿ.

ಬ್ಲಾಕ್ ಮುಗಿದ ಕೂಡಲೇ ಕಾಗದ ಕೀಳಲು ಕೈ ತುರಿಸುತ್ತದೆ. ತಡೆಯಿರಿ. ಒರಟಾಗಿ ಕತ್ತರಿಸಿದ ತುಂಡುಗಳಾದ್ದರಿಂದ ಬ್ಲಾಕಿನ ಅಂಚಿನಲ್ಲಿ ಎಷ್ಟೋ ಕಡೆ ಬಟ್ಟೆ ಕ್ರಾಸ್ (ಎಳೆಗೆ ಓರೆಯಾಗಿ) ಬಂದಿರುತ್ತದೆ, ಕಾಗದದ ಆಸರೆ ಹೋದರೆ ಹಿಗ್ಗುತ್ತದೆ. ಕಾಗದದೊಂದಿಗೇ ಬ್ಲಾಕನ್ನು ಏಳೂವರೆ ಇಂಚಿಗೆ ಚೌಕ ಮಾಡಿ, ನಡುವಿನ ಪಟ್ಟಿಗಳನ್ನೆಲ್ಲ ಹೊಲಿದಾದ ಮೇಲೆ ನಾನು ಕಿತ್ತೆ. ಹೊಲಿಗೆಯನ್ನು ಬೆರಳಿನಿಂದ ಒತ್ತಿ ಹಿಡಿದು, ಕಾಗದವನ್ನು ಹೊಲಿಗೆಗುಂಟ ಮಡಚಿ ಎಳೆದರೆ ಸುಲಭ. ಕೊನೆಯ ನಂಬರಿನಿಂದ ಹಿಂದಕ್ಕೆ ಬನ್ನಿ. ಹಿಡಿಕೆಯಂಥ ಸಂದಿಗೆ ನೀರಿನ ಒಂದು ತುಂತುರು ಮತ್ತು ಚಿಮುಟ.

ಮುಂದಿನದು ಯಾವ ಕೌದಿಗಾದರೂ ಇರುವಂಥದ್ದೇ. ಸುತ್ತ ಮೂರು ಇಂಚು ಹೆಚ್ಚಿರುವ ಹಿಂಬಟ್ಟೆ, ಅದರ ಮೇಲೆ ತೆಳು ಹತ್ತಿಯ ಪದರ, ಮೇಲೆ ನಮ್ಮ ಚಿತ್ರ, ಅಂಗೈ ಅಗಲಕ್ಕೊಂದು ಸೇಫ್ಟಿಪಿನ್. ಮಷಿನ್ನಿಗೆ ವಾಕಿಂಗ್ ಫೂಟ್ (ಎಲ್ಲ ಪದರಗಳನ್ನು ಸಮನಾಗಿ ಸಾಗಿಸುವ ಪಾದ) ಹಾಕಿ ನಡುವಿನಿಂದ ಹೊರಕ್ಕೆ ಹೊಲಿದೆ, ವಸ್ತುಗಳ ಅಂಚಿಗೆ ತಾಗಿದಂತೆ ಒಂದು ಸುತ್ತು, ಹಿನ್ನೆಲೆಯಲ್ಲಿ ನೇರ ಸಾಲುಗಳು. ಇಲ್ಲಿ ಹೊಲಿಗೆಯ ಉದ್ದವನ್ನು ಮೂರು ಮಿ.ಮೀ.ಗೆ ಏರಿಸಲು ಮರೆಯಬೇಡಿ. ಅಂಚುಪಟ್ಟಿಗೆ ಎರಡೂವರೆ ಇಂಚಿನ ನಾಲ್ಕು ಪಟ್ಟಿ ಸಾಕಾದವು.

ಈಗ ಅದೇ ಚಿತ್ರಗಳನ್ನು ದಿಂಬಿನ ಕವರಿಗಾಗಿ 4 ಇಂಚಿಗೆ ಇಳಿಸುತ್ತಿದ್ದೇನೆ. ಶೇ. 57ಕ್ಕೆ ಕುಗ್ಗಿಸಿದರೆ ಚಿತ್ರ ಸರಿಯಾಗಿ ಬರುತ್ತದೆ, ಆದರೆ ಅದರೊಂದಿಗೆ ಸುತ್ತಲಿನ ಕಾಲು ಇಂಚಿನ ಮಾರ್ಜಿನ್ ಕೂಡ ಕುಗ್ಗಿಬಿಡುತ್ತದೆ. ಹಾಗಾಗಿ ಹಳೆಯ ಹೊರಗೆರೆಯನ್ನು ಅಳಿಸಿ, ಪ್ರತಿ ಭಾಗದ ಸುತ್ತಲೂ ಸ್ಕೇಲು ಹಿಡಿದು ಹೊಸದಾಗಿ ಕಾಲು ಇಂಚು ಗೆರೆ ಎಳೆಯುತ್ತಿದ್ದೇನೆ. ಗಡಿಯಾರ, ಲ್ಯಾಂಪು, ರೀಲು ಆಗಿವೆ. ಕಪ್ಪಿನ ಹಿಡಿಕೆಯ ಪಟ್ಟಿ ಆ ಅಳತೆಯಲ್ಲಿ ಕಾಲು ಇಂಚಿಗೆ ಬಂದು ನಿಲ್ಲುತ್ತದೆ, ಅದನ್ನು ಸ್ವಲ್ಪ ದಪ್ಪ ಮಾಡಿ ಮತ್ತೆ ಬರೆಯಬೇಕು.