ಕಲಬುರಗಿ ಭಾಗದಲ್ಲಿ ಐಷಾರಾಮಿ ಕಾರು ಮಾರುವ ಕೆಲಸಕ್ಕೆ ಸೇರುವವರಿಗೆ

ಈ ಕೆಲಸಕ್ಕೆ ಸೇರಿದವರು ಎಲ್ಲಕ್ಕಿಂತ ಮೊದಲು ಆನ್‌ರೋಡ್ ಬೆಲೆಯ (ತೆರಿಗೆ, ವಿಮೆ ಎಲ್ಲ ಸೇರಿದ ಬೆಲೆಯ) ಲೆಕ್ಕವನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಇಲ್ಲಿ ಇಂಥ ಕಾರು ನೋಡಲು ಬರುವ ಬೇಳೆ ಮಿಲ್ಲಿನ ಮಾಲೀಕರು, ಅಡತ್ ವ್ಯಾಪಾರಿಗಳು, ಗುತ್ತಿಗೆದಾರರು ದಿನವಿಡೀ ಲೆಕ್ಕದಲ್ಲೇ ಇರುವವರು; ಹೈದರಾಬಾದಿನ ಶೋರೂಮಿನಿಂದ ಕೊಟೇಶನ್ ತರಿಸಿಕೊಂಡೇ ನಿಮ್ಮೆದುರು ಕೂತಿರುತ್ತಾರೆ.

ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆ ಶೇ. 18. ಅಂದರೆ 60 ಲಕ್ಷದ ಕಾರಿಗೆ 10.80 ಲಕ್ಷ, ಅದರ ಮೇಲೆ ಸೆಸ್ ಬೇರೆ. ಕಾರಿನ ಬೆಲೆ 10 ಲಕ್ಷ ದಾಟಿದರೆ ಶೇ. 1ರಷ್ಟು ಟಿಸಿಎಸ್ (ಮಾರುವವರೇ ಕೊಳ್ಳುವವರಿಂದ ವಸೂಲು ಮಾಡುವ ಆದಾಯ ತೆರಿಗೆ) ಕೂಡ ಕಟ್ಟಿಸಿಕೊಳ್ಳಬೇಕು. ಇದು ಹೆಚ್ಚುವರಿ ಖರ್ಚಲ್ಲ, ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು ಎಂಬುದನ್ನು ಗ್ರಾಹಕರು ಕೇಳುವ ಮೊದಲೇ ಹೇಳಿಬಿಡಿ. ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ; ಇದನ್ನು ಮುಚ್ಚಿಟ್ಟರೆ ಎರಡನೆಯ ಕಾರು ಮಾರುವ ಅವಕಾಶ ಕೈತಪ್ಪುತ್ತದೆ. ತೆರಿಗೆ ಉಳಿಸಲು ಬೇರೆ ರಾಜ್ಯದಲ್ಲಿ ನೋಂದಣಿ ಮಾಡಿಸಿಕೊಡಿ ಎಂದು ಕೇಳುವವರೂ ಇದ್ದಾರೆ. ಮಾಲೀಕರ ವಾಸ ಅಥವಾ ವ್ಯವಹಾರ ಎಲ್ಲಿದೆಯೋ, ವಾಹನ ಸಾಮಾನ್ಯವಾಗಿ ಎಲ್ಲಿರುತ್ತದೆಯೋ ಆ ರಾಜ್ಯದಲ್ಲೇ ನೋಂದಣಿಯಾಗಬೇಕೆಂಬುದು ಮೋಟಾರು ವಾಹನ ಕಾಯ್ದೆಯ ನಿಯಮವಾದ್ದರಿಂದ, ಹೊರರಾಜ್ಯದ ದಾರಿ ತೋರಿಸಲು ಹೋಗಬೇಡಿ.

ತೊಗರಿ ರಾಶಿ ಮುಗಿದು ಮಾಲು ಮಾರುಕಟ್ಟೆಗೆ ಬಂದ ಮೇಲೆ ವಿಚಾರಣೆಗಳು ಹೆಚ್ಚುತ್ತವೆ, ನಗದಿನ ಮಾತೂ ಬರುತ್ತದೆ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ನಾಲ್ಕು ದಿನ ಬಿಟ್ಟು ಬಿಟ್ಟು ಕಂತಿನಲ್ಲಿ ತೆಗೆದುಕೊಂಡರೂ ವ್ಯವಹಾರ ಒಂದೇ ಆದ್ದರಿಂದ ಅದೂ ಉಲ್ಲಂಘನೆಯೇ. ಪಡೆದಷ್ಟೇ ಮೊತ್ತದ ದಂಡ ಬೀಳುವುದು ಹಣ ಕೊಟ್ಟವರಿಗಲ್ಲ, ಪಡೆದವರಿಗೆ. ‘ನಮ್ಮ ಮೇಲೆ ನಂಬಿಕಿ ಇಲ್ಲೇನ್ರೀ?’ ಎಂದು ಹಿರಿಯರು ಬೇಸರಿಸಿಕೊಂಡರೆ ‘ಹಂಗಲ್ರೀ ಸಾವ್ಕಾರ್ರ, ಕಾನೂನೇ ಹಂಗೈತ್ರೀ’ ಎಂದು ನಯವಾಗಿ ಹೇಳಿ ಆರ್‌ಟಿಜಿಎಸ್ ಮಾಡಿಸಿಕೊಳ್ಳಿ. ಸಂಸ್ಥೆಯ ಹೆಸರಿನಲ್ಲಿ ಕೊಳ್ಳುವವರು ಕಾರಿನ ಮೇಲಿನ ಜಿಎಸ್‌ಟಿ ವಾಪಸು ಸಿಗುತ್ತದೆಯೇ ಎಂದು ಕೇಳುವುದು ಖಂಡಿತ. ಸ್ವಂತ ಓಡಾಟದ ಕಾರಿಗೆ ಆ ಸೌಲಭ್ಯ ಸಿಗುವುದಿಲ್ಲ, ಆದಾಯ ತೆರಿಗೆಯಲ್ಲಿ ಸವಕಳಿಯ (ಡಿಪ್ರಿಸಿಯೇಷನ್) ಲೆಕ್ಕ ಮಾತ್ರ ಸಿಗುತ್ತದೆ. ಉಳಿದದ್ದನ್ನು ಅವರ ಆಡಿಟರ್‌ಗೆ ಬಿಡಿ.

ಟೆಸ್ಟ್ ಡ್ರೈವನ್ನು ಸಂಜೆಯ ತಂಪಿಗೆ ಮುಂದೂಡುವುದು ಜಾಣತನವಲ್ಲ. ತಾಪಮಾನ 40 ಡಿಗ್ರಿ ದಾಟುವ ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಹಿರಿಯರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಎ.ಸಿ. ಎಷ್ಟು ಬೇಗ ತಣ್ಣಗಾಗಿಸುತ್ತದೆ ಎಂಬುದನ್ನು ತೋರಿಸಿದರೆ ಬ್ರೋಷರಿನ ಹತ್ತು ಪುಟಗಳನ್ನು ವಿವರಿಸುವ ಶ್ರಮ ಉಳಿಯುತ್ತದೆ. ನಗರದೊಳಗೆ ಸುತ್ತುವ ಬದಲು ಹುಮನಾಬಾದ್ ಅಥವಾ ಸೇಡಂ ರಸ್ತೆಗೆ ಒಯ್ದು, ಐದು ಜನ ಕೂತಾಗ ಹಳ್ಳಿಯ ಹಂಪುಗಳಿಗೆ ತಳ ತಾಗುತ್ತದೆಯೇ ಎಂದು ಅವರೆದುರೇ ನೋಡಿ. ತಾಗಿದರೆ ಆ ಸೆಡಾನ್ ಬಿಟ್ಟು ಎಸ್‌ಯುವಿ ತೋರಿಸಿ. ಹಲವು ದುಬಾರಿ ಮಾದರಿಗಳಲ್ಲಿ ಪೂರ್ಣ ಅಳತೆಯ ಸ್ಟೆಪ್ನಿ ಇರುವುದಿಲ್ಲ. ಚಿಂಚೋಳಿ, ಶಹಾಪುರ ಕಡೆಯಿಂದ ಓಡಾಡುವವರಿಗೆ ಇದನ್ನು ಬುಕಿಂಗ್‌ಗೆ ಮೊದಲೇ ತಿಳಿಸಬೇಕು.

ಡೆಲಿವರಿಯ ದಿನವನ್ನು ಅವರ ಮನೆಯವರೇ ನಿಶ್ಚಯಿಸಲಿ. ಶರಣಬಸವೇಶ್ವರ ದೇವಸ್ಥಾನಕ್ಕೋ ಬಂದೇನವಾಜ್ ದರ್ಗಾಕ್ಕೋ ಕಾರು ನೇರವಾಗಿ ಹೋಗುವುದರಿಂದ, ಹಿಂದಿನ ದಿನವೇ ಪಿಡಿಐ (ಡೆಲಿವರಿಗೆ ಮುಂಚಿನ ತಪಾಸಣೆ) ಮುಗಿಸಿ, ಚಾಸಿಸ್ ಸಂಖ್ಯೆಯನ್ನು ಇನ್‌ವಾಯ್ಸ್ ಮತ್ತು ವಿಮೆ ಪಾಲಿಸಿಯೊಂದಿಗೆ ತಾಳೆ ನೋಡಿ, ಎರಡನೆಯ ಕೀ ಸಹಿತ ಎಲ್ಲವನ್ನೂ ಒಂದೇ ಫೈಲಿನಲ್ಲಿ ಜೋಡಿಸಿಡಿ.